ಐದು ಲೋಟ ಹೆಚ್ಚು

ನಾನು ದುಭಾಷಿಯಲ್ಲ. ಬಾರಾಬಿಸೆಯ ಬಸ್ ನಿಲ್ದಾಣದೆದುರು
ಚಹಾ ಮಾರುವವಳು. ಹುಟ್ಟಿದ್ದು ಹೆಲಂಬುವಿನ ಮೇಲಿನ ಹಳ್ಳಿಯಲ್ಲಿ,
ಅಲ್ಲಿಯ ನಮ್ಮ ಮಾತು ಆಚೆಯವರ ಮಾತಿಗೆ
ದೊಡ್ಡಮ್ಮನ ಮಗಳು. ಅಷ್ಟೇ ನನ್ನ ಅರ್ಹತೆ.
ಠಾಣೆಯ ಹುಡುಗ ಬಂದು "ಫುಟಿ ದೀದಿ, ಕರೀತಿದ್ದಾರೆ" ಅಂದರೆ
ಸ್ಟೋವ್ ಆರಿಸಿ ಹೋಗುತ್ತೇನೆ,
ಕೈಯ ಹಾಲಿನ ವಾಸನೆ ಹೋಗುವ ಮೊದಲೇ.

ಆ ರಾತ್ರಿ ಏಳು ಜನ.
ಗೋಡೆಗೊರಗಿ ಸಾಲಾಗಿ ಕೂತಿದ್ದರು,
ಎಣಿಸುವವರಿಗೆ ಅನುಕೂಲವಾಗಲಿ ಎಂಬಂತೆ.
ಡೊಲ್ಕಾರ್ ಎಂಬ ಹುಡುಗಿಗೆ ಒಂಬತ್ತೋ ಹತ್ತೋ,
ಬಲಗಾಲಿನ ಮೂರು ಬೆರಳು ಒಣದ್ರಾಕ್ಷಿಯ ಹಾಗೆ ಕಪ್ಪಗೆ.
ನೋವಿಲ್ಲ, ಅಂದಳು. ನೋವಿಲ್ಲದ್ದೇ ಕೆಟ್ಟ ಸುದ್ದಿ
ಎಂದು ನನಗೆ ಗೊತ್ತಿತ್ತು. ಅದನ್ನು ಯಾರಿಗೂ ದಾಟಿಸಲಿಲ್ಲ.

ಇನ್‌ಸ್ಪೆಕ್ಟರ್ ಬಸ್ನೆತ್ ಮೇಜಿನ ಮೇಲೆ ಎರಡು ಕಾಗದ.
ಒಂದು ರಾಜಧಾನಿಯಿಂದ: "ನೆರೆಯ ಮಿತ್ರರಾಷ್ಟ್ರದ ಕಳವಳವನ್ನು
ಗಮನದಲ್ಲಿಟ್ಟುಕೊಂಡು ಸೂಕ್ತ ಕ್ರಮ ಕೈಗೊಳ್ಳುವುದು."
ಇನ್ನೊಂದೂ ರಾಜಧಾನಿಯಿಂದಲೇ, ಅದೇ ವಾರದ್ದು:
"ಮಾನವೀಯ ಪರಂಪರೆಗೆ ಚ್ಯುತಿ ಬಾರದಂತೆ
ಸೂಕ್ತ ಕ್ರಮ ಕೈಗೊಳ್ಳುವುದು."
ಸೂಕ್ತ ಎಂದರೇನೆಂದು ಎರಡರಲ್ಲೂ ಇಲ್ಲ.
"ಅಡ್ಡಗೋಡೆಯ ಮೇಲೆ ದೀಪ ಇಟ್ಟು ಅವರು ಮಲಗಿದ್ದಾರೆ.
ಗೋಡೆ ನಾನು," ಅಂದರು ಬಸ್ನೆತ್, ಹಣೆ ಒತ್ತಿಕೊಂಡು.

ಮೂರನೆಯದೊಂದು ಇದೆಯಂತೆ, ಅದು ಕಾಗದವೇ ಅಲ್ಲ.
ಬಹಳ ಹಿಂದೆ, ಯಾವುದೋ ಹೋಟೆಲಿನ ಊಟದ ಮೇಜಿನಲ್ಲಿ
ದೊಡ್ಡವರು ದೊಡ್ಡವರಿಗೆ ಕೊಟ್ಟ ಬಾಯಿಮಾತು:
ಸಿಕ್ಕವರನ್ನು ಕೆಳಗೆ ಕಳಿಸುತ್ತೇವೆ, ಹಾದುಹೋಗಲಿ,
ಇಲ್ಲಿ ಉಳಿಯದಿರಲಿ, ಯಾರೂ ಬರೆದಿಡದಿರಲಿ.
ಸಹಿಯಿಲ್ಲ, ಮೊಹರಿಲ್ಲ. ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ.
ಏಳು ಜನರ ಜೀವ ಯಾರದೋ ಊಟದ ಋಣದಲ್ಲಿ.

"ಎಲ್ಲಿ ಸಿಕ್ಕಿದರು ಅಂತ ಬರೆಯಬೇಕು. ಕೇಳು."
ಕೇಳಿದೆ. ಹಿರಿಯ ಭಿಕ್ಷು ಸುಳ್ಳು ಕಲಿತವನಲ್ಲ.
"ಸೇತುವೆಯಿಂದ ಒಂದು ಕೂಗಿನಷ್ಟು ದೂರ," ಅಂದ,
"ಹೊಳೆ ದಾಟಿದ ಬಟ್ಟೆ ಇನ್ನೂ ಒಣಗಿಲ್ಲ, ನೋಡಿ."
ಸೇತುವೆಯ ಹತ್ತಿರ ಸಿಕ್ಕವರು ಸೇತುವೆಗೇ ವಾಪಸು.
ಎಲ್ಲೂ ಬರೆದಿಲ್ಲ, ಬಾರಾಬಿಸೆಯ ನಾಯಿಗೂ ಗೊತ್ತು.

ನಾನು ಹೇಳಿದೆ: "ದೋಲಾಲ್‌ಘಾಟ್ ಹತ್ತಿರ, ಸಾಹೇಬರೇ.
ಯಾತ್ರೆಗೆ ಹೊರಟವರು. ದಾರಿ ತಪ್ಪಿ ಮೇಲೆ ಬಂದಿದ್ದಾರೆ."

ಬಸ್ನೆತ್ ಪೆನ್ನಿನ ಮುಚ್ಚಳ ಕಚ್ಚಿದರು.
ಹದಿನಾಲ್ಕು ತಿಂಗಳು ಮುಸ್ತಾಂಗಿನಲ್ಲಿ ಕಾವಲಿದ್ದವರು,
ಸೇತುವೆ ಎಂಬ ಪದ ಅವರಿಗೆ ತಿಳಿಯದೆ?
ನನ್ನ ಮುಖ ನೋಡಿದರು. ಭಿಕ್ಷುವಿನ ಒದ್ದೆ ಅಂಚು ನೋಡಿದರು,
ಅದರಿಂದ ಸಿಮೆಂಟಿನ ಮೇಲೆ ಒಂದು ಹನಿ, ಆಮೇಲೆ ಇನ್ನೊಂದು.
"ದೋಲಾಲ್‌ಘಾಟ್. ಅಕ್ಷರ ಬಿಡಿಸಿ ಹೇಳು," ಅಂದರು,
ಇಪ್ಪತ್ತು ವರ್ಷ ಆ ಊರಿನ ಮೇಲೇ ಮನೆಗೆ ಹೋಗಿಬಂದವರು.
ದೋ, ಅಂದೆ. ಲಾ, ಅಂದೆ.
ಬರೆದುಕೊಂಡರು.

ನಡುರಾತ್ರಿ ಅಂಗಡಿಯೊಳಗೆ ಮಲಗಿ ಕಿವಿ ತೆರೆದಿದ್ದೆ.
ನಮ್ಮೂರ ರಸ್ತೆಗೆ ಬರುವುದು ಎರಡೇ ಮಾತು:
ಜೀಪು ಮೇಲಕ್ಕೆ, ಗಡಿಯ ಕಡೆ ಹೋದರೆ
ಮೊದಲ ಗೇರಿನಲ್ಲಿ ಮುದುಕನ ಹಾಗೆ ಕೆಮ್ಮುತ್ತದೆ,
ಕೆಳಕ್ಕೆ ಹೋದರೆ ಬ್ರೇಕು ಕಿರುಗುಟ್ಟುತ್ತದೆ.
ಬ್ರೇಕು ಕಿರುಗುಟ್ಟಿತು.
ಎದ್ದು ನೀರು ಕುಡಿದೆ.

ಆಮೇಲೆ ನಿಯೋಗಗಳು ಬಂದವು. ಹಾರ, ಫೋಟೋ.
ಸೌಹಾರ್ದಯುತ ವಾತಾವರಣದಲ್ಲಿ ಮಾತುಕತೆ, ಅಂದಿತು ರೇಡಿಯೋ.
ಬಸ್ನೆತ್‌ಗೆ ತೆರಾಯ್ ಕಡೆ ವರ್ಗವಾಯಿತು.
ಹೊಸಬ ತನ್ನ ದುಭಾಷಿಯನ್ನು ತಾನೇ ತಂದಿದ್ದಾನೆ, ಓದಿದ ಹುಡುಗ,
ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳುತ್ತಾನಂತೆ.
ಚಹಾ ಮಾತ್ರ ನನ್ನಿಂದಲೇ ಹೋಗುತ್ತದೆ.
ಎಷ್ಟು ಲೋಟ ಎಂದು ಠಾಣೆಯವರು ಹೇಳಿಕಳಿಸಿದಾಗ
ಪೊಲೀಸರನ್ನು ಕಳೆದು ಉಳಿದವರನ್ನು ಎಣಿಸಿಕೊಳ್ಳುತ್ತೇನೆ.

ಉಡುಗೊರೆಯ ದುಡ್ಡಿನಲ್ಲಿ ರಸ್ತೆಗೆ ಡಾಂಬರು ಬಿತ್ತು,
ಠಾಣೆಗೆ ಎರಡು ಬಿಳಿ ಗಾಡಿ.
ಎಷ್ಟು ನುಣುಪು ಅಂದರೆ
ಏರಿದರೂ ಇಳಿದರೂ ಸದ್ದಿಲ್ಲ.

ಮೊನ್ನೆ ರಾತ್ರಿ ಐದು ಲೋಟ ಹೆಚ್ಚು ಕಳಿಸಿದೆ.
ಯಾವ ಹೊತ್ತಿನಲ್ಲೋ ಬೆಳಕೊಂದು ನನ್ನ ಗೋಡೆ ಸವರಿ ಹೋಯಿತು,
ಎದ್ದು ಬಾಗಿಲು ತೆಗೆಯುವಷ್ಟರಲ್ಲಿ ರಸ್ತೆ ಖಾಲಿ.
ಬೆಳಿಗ್ಗೆ ಲೋಟಗಳು ವಾಪಸು ಬಂದವು.
ಒಂದರಲ್ಲಿ ಚಹಾ ಹಾಗೇ ಇತ್ತು,
ಕೆನೆಗಟ್ಟಿ.