ಶೇಕಡಾ ತೊಂಬತ್ತನಾಲ್ಕು

ದೌಗವ್‌ಪಿಲ್ಸ್ ಟ್ರಾಮ್ ಡಿಪೋದ ರಾತ್ರಿ ಪಾಳಿಯಲ್ಲಿ
ವೆಲ್ಗಾ ಒಬ್ಬಳೇ. ಫೆಬ್ರವರಿ. ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.
ಟಿಕೆಟ್ ಲೆಕ್ಕಕ್ಕೆ ಬೇಡವಾಗಿ ಗುಜರಿಗೆ ಬರೆದಿಟ್ಟ
ಕಂಪ್ಯೂಟರೊಂದು ಮೇಜಿನಡಿ, ಕಾಲಿಗೆ ಬಿಸಿ ತಾಗುವಷ್ಟು ಹತ್ತಿರ,
ಗುಂಯ್‌ಗುಡುತ್ತಿದೆ. ಎರಡು ಗಿಗಾ ಮೆಮೊರಿ. ಲಿನಕ್ಸ್.
ಪರದೆಯ ಮೇಲೆ ಬಿಳಿ ಸಾಲುಗಳು
ಒಂದರ ಬೆನ್ನಿಗೊಂದು, ಬೆಲ್ಲ ಕಂಡ ಇರುವೆಯ ಹಾಗೆ.

ಬಂದರಿನ ಆಟ ಅದು. ಹಡಗು ಬರುತ್ತದೆ, ಸರಕು ಇಳಿಸಬೇಕು,
ನೀರು ಹೆಪ್ಪುಗಟ್ಟುವ ಮೊದಲು ವಾಪಸು ಕಳಿಸಬೇಕು, ಅಷ್ಟೆ.
ಮಾಡಿದ ಕಂಪನಿ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು;
ಹೋಗುವಾಗ ಸರ್ವರಿನ ಮೂಲ ಕೋಡನ್ನು
ಹೊಸ್ತಿಲ ಮೇಲಿಟ್ಟು ಹೋಯಿತು,
ಯಾರಿಗೆ ಬೇಕೋ ಎತ್ತಿಕೊಳ್ಳಿ ಅಂತ.
ಎತ್ತಿಕೊಂಡವಳು ಇವಳು: ಟ್ರಾಮಿನ ಮೋಟಾರಿಗೆ ತಂತಿ ಸುತ್ತುವವಳು,
ಐವತ್ತಾರು ವಯಸ್ಸು, ಬೆರಳ ತುಂಬ ತಾಮ್ರದ ಗೀರು.

ಮೊದಲ ರಾತ್ರಿ ಒಂದು ಲೈಬ್ರರಿ ಇಲ್ಲವೆಂದಿತು.
ತಂದಿಟ್ಟಳು. ಅದಕ್ಕೆ ಇನ್ನೊಂದು ಬೇಕಂತೆ,
ಹಳೆಯದೇ ಆಗಬೇಕಂತೆ; ಆಟಕ್ಕೋ ಹೊಸದೇ.
ಎತ್ತು ಏರಿಗೆ, ಕೋಣ ನೀರಿಗೆ.
ಎರಡನೆಯ ರಾತ್ರಿ ಇನ್ನೂರ ಹನ್ನೊಂದು ತಪ್ಪು.
ಹಳೆ ಕಂಪೈಲರ್ ಗೊಣಗಿ ಬಿಟ್ಟುಬಿಡುತ್ತಿದ್ದುದನ್ನು
ಹೊಸದು ಬಿಡುವುದಿಲ್ಲ, ಹೊಸದಾಗಿ ಸೇರಿದ ತಪಾಸಣೆಯ ಹುಡುಗನ ಹಾಗೆ
ಮುದುಕಿಯ ಪಾಸಿನ ತಾರೀಕನ್ನೂ ದೀಪಕ್ಕೆ ಹಿಡಿದು ನೋಡುತ್ತದೆ.
ಒಂದೊಂದಾಗಿ ತಿದ್ದಿದಳು.
ನಡುವೆ, ಅಲೆಗಳ ಲೆಕ್ಕದ ಕಡತದಲ್ಲಿ,
ಯಾರೋ ಬಿಟ್ಟುಹೋದ ಟಿಪ್ಪಣಿ:
‘ಇಲ್ಲಿ ಮೂರು ಕೂಡಿಸದಿದ್ದರೆ ಹಡಗು ಮುಳುಗುತ್ತದೆ.
ಯಾಕೋ ಗೊತ್ತಿಲ್ಲ. ಕ್ಷಮಿಸಿ.’
ವೆಲ್ಗಾ ನಕ್ಕಳು. ಮೂರನ್ನು ಮುಟ್ಟಲಿಲ್ಲ.

ಮೂರನೆಯ ರಾತ್ರಿ, ಅಂದರೆ ಇಂದು,
ಶೇಕಡಾ ತೊಂಬತ್ತನಾಲ್ಕರ ತನಕ ಬಂದು
ಒಂದೇ ಪದ: ಕೊಲ್ಲಲಾಯಿತು.
ಯಾರು, ಯಾಕೆ, ಒಂದು ಸಾಲೂ ಇಲ್ಲ.
ಚಹಾ ಆರಿತು.
ಸತ್ತ ಮೋಟಾರನ್ನು ಅವಳು ಬೈಯುವವಳಲ್ಲ, ಮೂಸುತ್ತಾಳೆ:
ಸುಟ್ಟ ವಾಸನೆಯೋ, ಪಸೆಯ ವಾಸನೆಯೋ.
ಇಲ್ಲಿ ಮೂಸಲಿಕ್ಕಿರುವುದು ಕರ್ನಲ್‌ನ ದಿನಚರಿ. ತೆರೆದಳು.
ಮೆಮೊರಿ ಸಾಲದಾದಾಗ, ಪಂಕ್ತಿಯಲ್ಲಿ ಹೆಚ್ಚು ಬಡಿಸಿಕೊಂಡವನನ್ನೇ
ರಟ್ಟೆ ಹಿಡಿದು ಎಬ್ಬಿಸಿದೆ.

ಡಿಸ್ಕಿನ ಖಾಲಿ ಮೂಲೆಯಲ್ಲಿ ನಾಲ್ಕು ಗಿಗಾ ಸ್ವಾಪ್ ಬಿಟ್ಟುಕೊಟ್ಟಳು.
ನಾಲ್ಕು ಕೈಯಲ್ಲಿ ನಡೆಯುತ್ತಿದ್ದುದನ್ನು ಒಂದೇ ಕೈಗೆ ಇಳಿಸಿದಳು.
ನಿಧಾನ. ಆಗಲಿ.
ರಾತ್ರಿಗೇನು ಕೊರತೆ ಈ ಊರಲ್ಲಿ.

ತೊಂಬತ್ತಮೂರು.
ಎದ್ದು ಹೋಗಿ, ಹಳಿಯ ಕವಲಿಗೆ ಕಟ್ಟಿದ ಹಿಮ ಕೆರೆದು ಬಂದಳು.
ತೊಂಬತ್ತನಾಲ್ಕು.
ಕೈಗವಸು ತೆಗೆಯದೆ ನಿಂತೇ ನೋಡಿದಳು.
ತೊಂಬತ್ತನಾಲ್ಕು.
ತೊಂಬತ್ತನಾಲ್ಕು.
ತೊಂಬತ್ತೈದು.

ಆಮೇಲಿನದು ಇಳಿಜಾರು.
ಸರ್ವರಿಗೆಂದೇ ಒಬ್ಬ ಬಳಕೆದಾರನನ್ನು ಹುಟ್ಟಿಸಿದಳು,
ಮನೆಯಿಲ್ಲ, ಪಾಸ್‌ವರ್ಡಿಲ್ಲ, ತನ್ನ ಕಡತ ಬಿಟ್ಟು
ಬೇರಾವ ಬಾಗಿಲೂ ತೆರೆಯಲಾರದ ಬಡಪಾಯಿ.
ರೂಟ್ ಆಗಿ ಓಡಿಸಿದ್ದರೆ ಬೇಗ ಮುಗಿಯುತ್ತಿತ್ತು;
ಆರುನೂರು ವೋಲ್ಟಿನ ಕೆಳಗೆ ದುಡಿದವಳು
ಆ ‘ಬೇಗ’ವನ್ನು ನಂಬುವುದಿಲ್ಲ.
ಫೈರ್‌ವಾಲಿನಲ್ಲಿ ಒಂದೇ ಒಂದು ಪೋರ್ಟ್,
ಕಿಟಕಿಯೂ ಅಲ್ಲ, ಬೆಳಕಿಂಡಿ.

ನಾಲ್ಕೂ ಹತ್ತಕ್ಕೆ ಬಂದರು ಎದ್ದಿತು.
ಖಾಲಿ ಕಟ್ಟೆ, ನಿಂತ ಕ್ರೇನು, ಯಾರೂ ನೋಡದ ಅಲೆ.
ಮೂರು ಕೂಡಿಸಿದ ಅಲೆ.
ಹದಿನೇಳು ಜನಕ್ಕೆ ವಿಳಾಸ ಕಳಿಸಿ ಕೂತಳು.

ಕಾಲು ಗಂಟೆಗೆ ಒಬ್ಬ ಬಂದ: ಕುರ್ಮಿಸ್.
ಅವರ ಮಾತಲ್ಲಿ ಅದು ನೆಲ ಕೊರೆಯುವ ಕುರುಡು ಪ್ರಾಣಿ;
ನನ್ನ ಕನ್ನಡದ ಕಿವಿಗೆ ಮಾತ್ರ ಕೂರ್ಮ.
ರೇಜೆಕ್ನೆಯ ಬೇಕರಿಯವನು, ಹಿಟ್ಟು ನಾದಿಟ್ಟು ಬಂದಿದ್ದಾನೆ.
ಕಟ್ಟೆಯ ತುದಿಯವರೆಗೆ ನಡೆದ. ಹಿಂದಕ್ಕೆ ಜಿಗಿದ. ಮತ್ತೆ ಅಲ್ಲೇ ನಿಂತ.
ನೂರೈವತ್ತೊಂದು ದಿನದ ಮೇಲೆ ಆ ಬಂದರಿನ ಮೊದಲ ಮಾತು:
‘ಲ್ಯಾಗ್ ಇದೆ.’

‘ಇದೆ,’ ಬರೆದಳು ವೆಲ್ಗಾ. ‘ಸರಕು ಇಳಿಸು.’

ಐದಕ್ಕೆ ಮೊದಲ ಟ್ರಾಮು ಕಿರ್ರೆಂದು ಶೆಡ್ಡು ಬಿಟ್ಟಾಗ
ಮೇಲಿನ ತಂತಿಯಲ್ಲಿ ನೀಲಿ ಕಿಡಿ,
ಕೋಣೆಯ ದೀಪ ಅರೆಕ್ಷಣ ಮಂಕು.
ಅವಳ ಕಾಲು ತಾನಾಗಿ ಮೇಜಿನಡಿ ತಡಕಿತು.
ಬಿಸಿ ಇದೆ. ಗುಂಯ್‌ಗುಡುತ್ತಿದೆ.