ಗೂಡು ಅಲ್ಲಾಡಿಸಿ ನೋಡುವವನು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಯಾರನ್ನಾದರೂ ಕೇಳಿ,
ಬ್ಯಾಟಪ್ಪನ ಕಿವಿ ತಕ್ಕಡಿಗಿಂತ ನಿಯತ್ತು ಅನ್ನುತ್ತಾರೆ.
ಅನ್ನುತ್ತಿದ್ದರು.
ರಾಶಿಯ ತಳಕ್ಕೆ ಮೊಣಕೈವರೆಗೆ ತೂರಿಸಿ
ಒಂದೇ ಒಂದು ಗೂಡು ಎತ್ತಿ, ಕಿವಿಗೆ ಹಿಡಿದು
ಅಲ್ಲಾಡಿಸಿದರೆ ಸಾಕು:
ಒಳಗಿನ ಹುಳ ಗಲಗಲ ಅಂದರೆ ಸೈ,
ಮೆತ್ತಿಕೊಂಡು ಸುಮ್ಮನಿದ್ದರೆ ಕೊಳೆತಿದೆ ಅಂತ.
ಮೇಲೆ ಗಟ್ಟಿ ಹರವಿ ಕೆಳಗೆ ಜೊಳ್ಳು ತುಂಬಿದವರನ್ನು
ಇಪ್ಪತ್ತೇಳು ವರ್ಷ ಹಿಡಿದಿದ್ದೇನೆ,
ವಿಜಯಪುರದ ದಲ್ಲಾಳಿಯನ್ನು, ಚಿಂತಾಮಣಿಯ ಮೇಷ್ಟ್ರನ್ನು,
ಸ್ವಂತ ಷಡ್ಡಕನನ್ನು.

ಆ ನಾಣ್ಯಕ್ಕೆ ಕಿವಿ ಇಡಲು ಜಾಗವೇ ಇರಲಿಲ್ಲ.

ಹೇಳಿದವನು ಮೆಡಿಕಲ್ ಸ್ಟೋರಿನ ವಸಂತಾಚಾರಿ,
ತಾರೀಖು ನೋಡದೆ ಒಂದು ಮಾತ್ರೆ ಕೊಡದ ಮನುಷ್ಯ.
ಫೋನಿನಲ್ಲಿ ಹಸಿರು ಗೆರೆ ತೋರಿಸಿದ,
ಜ್ವರದ ಚಾರ್ಟಿನ ಥರ; ಇಲ್ಲಿ ಏರಿದಷ್ಟೂ ಆರೋಗ್ಯವಂತೆ.
ಐದು ಸಾವಿರ ಹಾಕಿದೆ. ಎಂಟು ದಿನಕ್ಕೆ ಆರೂವರೆ.
ನಿಜವೇನೋ ನೋಡೋಣ ಅಂತ ತೆಗೆದೆ,
ಸಂಜೆಯೊಳಗೆ ಬ್ಯಾಂಕಿಗೆ ಬಂದೇಬಿಟ್ಟಿತು!
ಅದೇ ನಾನು ಅಲ್ಲಾಡಿಸಿದ್ದು. ಗಲಗಲ ಅಂದಿತ್ತು.
ಅದು ರಾಶಿಯ ಮೇಲುಪದರ ಅಂತ
ನನಗಲ್ಲದೆ ಇನ್ನಾರಿಗೆ ಗೊತ್ತಾಗಬೇಕಿತ್ತು?

ಹೊಸ ಬಾಯ್ಲರಿಗೆಂದು ಇಟ್ಟಿದ್ದ ಎರಡು ಲಕ್ಷ ಹತ್ತು ಸಾವಿರ
ಮೂರು ಕಂತಿನಲ್ಲಿ ಹೋಯಿತು.
ದಿನಾ ಬೆಳಿಗ್ಗೆ ಅನನ್ಯಾ ಮೇಡಂ ಅಂತ ಒಬ್ಬಳು
ನಮಸ್ಕಾರ ಹೇಳಿ, ನನ್ನ ಹೆಂಡತಿಯ ಮಂಡಿನೋವು ವಿಚಾರಿಸಿ
ಯಾವ ನಾಣ್ಯ, ಎಷ್ಟು ಗಂಟೆಗೆ ಅಂತ ತಿಳಿಸುತ್ತಿದ್ದಳು.
ಮಂಡಿನೋವನ್ನು ನನ್ನ ಮಕ್ಕಳೂ ಕೇಳಿದ್ದು ಕಾಣೆ.

ಇಷ್ಟಾದರೆ ನನ್ನ ಹಣೆಬರಹ ಅನ್ನಬಹುದಿತ್ತು.

ನಮ್ಮ ಬೇಸಿನ್ನಿನ ಮುಂದೆ ಕೂರುವ ಮೆಹರುನ್ನೀಸಾಗೆ
ನಾನೇ ಹೇಳಿದೆ. ಅವಳು ಕೇಳಿರಲಿಲ್ಲ.
ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕುತ್ತಾ
ತಲೆ ಎತ್ತದೆ ಕೇಳಿಸಿಕೊಂಡಳು.
ಮಗಳಿಗೆ ಓವರ್‌ಲಾಕ್ ಮಿಷನ್ ಅಂತ ಎತ್ತಿದ್ದ ಬೀಸಿ ಚೀಟಿ,
ನಲವತ್ತು ಸಾವಿರ, ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಳು.
ಆಳು ಸೇರಿಸಿದ್ದಕ್ಕೆ ನನ್ನ ಲೆಕ್ಕಕ್ಕೆ ಎರಡು ಸಾವಿರ ಬಿತ್ತು.
ಅಷ್ಟು ಮಾತ್ರ ತೆಗೆಯಲು ಬಿಟ್ಟರು.
ಐದು ಲೀಟರಿನ ಕುಕ್ಕರ್ ತಂದೆ.

ಪರದೆಯ ಮೇಲೆ ಹನ್ನೊಂದು ಲಕ್ಷ ನಲವತ್ತು ಸಾವಿರ.
ಕೊಡಿ ಅಂದರೆ, ಮೊದಲು ತೆರಿಗೆ ಕಟ್ಟಿ ಅಂದರು; ಕಟ್ಟಿದೆ.
ಬೀಗ ಬಿದ್ದಿದೆ, ಬಿಡಿಸಲು ಶುಲ್ಕ ಅಂದರು; ಬಳೆ ಅಡವಿಟ್ಟು ಕಟ್ಟಿದೆ.
ಒಂದು ಗುರುವಾರ ಒತ್ತಿದರೆ ಬರೀ ಬಿಳಿ.
ಅನನ್ಯಾ ಮೇಡಂ ನಮಸ್ಕಾರ ಹೇಳಲಿಲ್ಲ.
ವಸಂತಾಚಾರಿ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು
ಒಳಗೆ ಕತ್ತಲಲ್ಲಿ ಕೂತಿದ್ದ. ಅವನದು ಆರು ಲಕ್ಷ.

ಚಿಕ್ಕಬಳ್ಳಾಪುರದ ಸ್ಟೇಷನ್ನಿನಲ್ಲಿ ಹುಡುಗನಂಥ ಪೊಲೀಸು
ನನ್ನ ಮುಖ ನೋಡದೆ ಬರೆದುಕೊಂಡ.
ನಿಮಗೆ ಯಾರು ಹೇಳಿದರು, ಅದಕ್ಕೊಂದು ಕಾಲಂ.
ನೀವು ಯಾರಿಗೆ ಹೇಳಿದಿರಿ ಅನ್ನುವುದಕ್ಕೆ ಇರಲಿಲ್ಲ.
ಹಾಳೆ ತಿರುಗಿಸಿಯೂ ನೋಡಿದೆ.

ಮಾರನೆಯ ದಿನ ಬರಲಾರಳು ಅಂದುಕೊಂಡಿದ್ದೆ.
ಆರೂವರೆಗೆ ಬಂದಳು.
ಸೆರಗು ಸಿಕ್ಕಿಸಿ, ನೀರಿನ ಬಿಸಿ ನೋಡಿ,
ಬೆಂದು ಬೆಳ್ಳಗಾದ ಬೆರಳು ಇಳಿಬಿಟ್ಟಳು.
ಮಧ್ಯಾಹ್ನದವರೆಗೆ ಮಾತಿಲ್ಲ.
ಆಮೇಲೆ, ಬೈಗುಳವಲ್ಲ, ತಿಳಿದುಕೊಳ್ಳಲು ಕೇಳಿದ ಹಾಗೆ:
“ಅಣ್ಣಾ, ಆ ನಾಣ್ಯ ಹೆಂಗಿರ್ತದೆ?
ಒಂದು ಸಲನಾದ್ರೂ ನೋಡಿದ್ರಾ?”

ಒಳಮನೆಯಲ್ಲಿ ಕುಕ್ಕರ್ ಕೂಗಿತು.

ಅಷ್ಟರಲ್ಲಿ ಜೇಬಿನಲ್ಲಿ ಫೋನು. ಹೊಸ ನಂಬರು.
“ಸಾರ್, ಕಳೆದುಕೊಂಡ ಹಣ ವಾಪಸ್ ಕೊಡಿಸುವ ವಿಭಾಗದಿಂದ.
ಸಣ್ಣದೊಂದು ಶುಲ್ಕ ಇರುತ್ತದೆ...”
ಗೊತ್ತು. ಎಲ್ಲಾ ಗೊತ್ತು.
ಆದರೂ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು
ಫೋನನ್ನು ಕಿವಿಗೆ ಇನ್ನಷ್ಟು ಒತ್ತಿದೆ,
ಒಳಗೆ ಏನಾದರೂ ಅಲ್ಲಾಡುತ್ತದೇನೋ ಅಂತ.

ಮೆಹರುನ್ನೀಸಾ ಎಳೆ ಬಿಟ್ಟು
ನನ್ನನ್ನೇ ನೋಡುತ್ತಿದ್ದಳು.