ಮಂಜೂರಾದ ಹುದ್ದೆ ಆರು

ಮಾರ್ಚ್ ಮೊದಲ ವಾರಕ್ಕೇ ಗುಳೇದಗುಡ್ಡದ ಬಂಡೆ
ರಾತ್ರಿ ಹನ್ನೊಂದಾದರೂ ಆರುವುದಿಲ್ಲ,
ಒಲೆಯಿಂದ ಇಳಿಸಿಟ್ಟ ಹಂಚಿನ ಹಾಗೆ.
ಪುರಸಭೆಯ ನನ್ನ ಟೇಬಲ್ಲಿನ ಮೇಲೆ ಒಂದು ಕಡತ:
ಬಡವರ ತಗಡಿನ ಮನೆಗೆ ಬಿಳಿ ಬಳಿಯುವುದು,
ಮಣ್ಣಿನ ಮಾಳಿಗೆಗೆ ಮೇಲುಮಣ್ಣು ಹೊದಿಸುವುದು,
ಬಾಗಿಲ ಸಂದಿಗೆ ಪಟ್ಟಿ ಬಡಿಯುವುದು.
ಮನೆ ಮುನ್ನೂರ ನಲವತ್ತು. ಹುದ್ದೆ ಆರು.
ಅವಧಿ ತೊಂಬತ್ತು ದಿನ. ಬಿಸಿಲಿನ ಅವಧಿ ಬರೆದಿಲ್ಲ.

ಹುದ್ದೆ ತುಂಬುವುದು ನನ್ನ ಕೆಲಸ.
ಹೊರಗುತ್ತಿಗೆ, ರೋಸ್ಟರ್, ವಯೋಮಿತಿ ನಲವತ್ತೈದು,
ಎಸ್ಸೆಸ್ಸೆಲ್ಸಿ ಕಡ್ಡಾಯ.
ನಿಯಮ ಬರೆದವರು ಫ್ಯಾನಿನ ಕೆಳಗೆ ಕೂತಿರಬೇಕು,
ಹಾಳೆಯ ಮೂಲೆಯಲ್ಲಿ ಪೇಪರ್‌ವೇಟಿನ ದುಂಡು ಗುರುತಿದೆ.

ಮೊದಲು ಬಂದವನು ಡಿಪ್ಲೊಮಾ ಸಿವಿಲ್, ಪ್ರಜ್ವಲ ರಾಜನಾಳ.
ಕೈಯಲ್ಲಿ ಎಂಟು ಪ್ರಮಾಣಪತ್ರ, ಕಾಲಲ್ಲಿ ಹೊಸ ಬೂಟು.
ಹಿತ್ತಲ ಗೋಡೆಗೆ ಏಣಿ ಆನಿಸಿ, ಹತ್ತು ಅಂದೆ.
ನಾಲ್ಕನೇ ಮೆಟ್ಟಿಲಿಗೆ ಕಣ್ಣು ಮುಚ್ಚಿದ.
ತೆಗೆದುಕೊಂಡೆ. ಲೆಕ್ಕ ಬರೆಯಲಿಕ್ಕೂ ಒಬ್ಬ ಬೇಕಲ್ಲ.

ಲಾಡಸಾಬ ನದಾಫ, ವಯಸ್ಸು ಅರವತ್ತೊಂದು ಇಲ್ಲವೇ ಎಪ್ಪತ್ತು:
ಆಧಾರಿನಲ್ಲಿ ಒಂದು, ಮೊಣಕಾಲಲ್ಲಿ ಇನ್ನೊಂದು.
ಜೇಬಿನಿಂದ ಹಿಡಿ ಕರಲುಮಣ್ಣು ತೆಗೆದು
ನನ್ನ ಹಾಜರಿ ಪುಸ್ತಕದ ಮೇಲೇ ಸುರಿದ.
ನೆಕ್ಕಿ ನೋಡ್ರಿ, ಅಂದ. ನೆಕ್ಕಿದೆ. ಉಪ್ಪು.
‘ಈ ಉಪ್ಪ ನೀರ ತಡಿಯೂದರಿ.
ಸಪ್ಪನ್ನ ಮಣ್ಣ ಹಾಕಿದ್ರ
ಮಳಿಗಾಲದಾಗ ಮನ್ಯಾಗ ಕೊಡಿ ಹಿಡೀಬೇಕು.’
ಅರ್ಜಿಯ ಮೂಲೆಗೆ ಬರೆದೆ: ವಯೋಮಿತಿ ಮೀರಿದೆ.
ಅವನು ಮಣ್ಣು ಬಳಿದುಕೊಂಡು ಹೋಗಲಿಲ್ಲ.
ಇರ್ಲಿ ಇಟ್ಕೊಳ್ರಿ, ಕೆಲಸಕ್ಕ ಬರತೈತಿ.

ಬಾಳವ್ವ ಸುಣಗಾರ ಅರ್ಜಿಯನ್ನೇ ತಂದಿರಲಿಲ್ಲ.
ಬಾಗಿಲಲ್ಲಿದ್ದ ಬಕೆಟ್ಟಿನ ಬಣ್ಣಕ್ಕೆ ಬೆರಳದ್ದಿ,
ಹೆಬ್ಬೆರಳಿಗೆ ತಿಕ್ಕಿ, ‘ನೀರಾಗೇತಿ’ ಅಂದಳು.
ಟೆಂಡರಿನ ಬಣ್ಣ. ನಾನು ಕಿಟಕಿ ನೋಡಿದೆ.
‘ಸುಣ್ಣ ಒಂದ ರಾತ್ರಿ ನೆನೀಬೇಕ್ರಿ,
ಬೆಲ್ಲದ ನೀರ ಕುಡೀಬೇಕು, ಆವಾಗ ಅಂಟತೈತಿ.
ಇದು ಎರಡ ತಿಂಗಳಿಗೆ ಸಿಪ್ಪಿ ಏಳತೈತಿ.’
ಒಂಬತ್ತನೇ ಇಯತ್ತೆ ಫೇಲು.
ಏಣಿ ಬ್ಯಾಡ ಅಂದಳು. ಕಿಟಕಿಯ ಕಂಬಿ, ಗೋಡೆಯ ಮೊಳೆ,
ನಾನು ಕನ್ನಡಕ ಹುಡುಕುವಷ್ಟರಲ್ಲಿ
ಕಚೇರಿಯ ಮೇಲಿಂದ ಅವಳ ದನಿ.

ಮುಖ್ಯಾಧಿಕಾರಿಗಳಿಗೆ ಟಿಪ್ಪಣಿ ಬರೆದೆ:
ಕೌಶಲವನ್ನೇ ವಿದ್ಯಾರ್ಹತೆಯೆಂದು ಪರಿಗಣಿಸಬಹುದು.
ಹದಿನೇಳು ವರ್ಷದ ನೌಕರಿಯಲ್ಲಿ
ಹಳೆಯ ಕಡತದಿಂದ ನಕಲು ಮಾಡದ ಒಂದೇ ವಾಕ್ಯ.
ಸಹಿ ಆಯಿತು.

ಆಮೇಲೆ ಕಂಡಿತು, ಪುಟ ಹನ್ನೊಂದರ ಅಡಿಗೆ ಸಣ್ಣ ಅಕ್ಷರ:
ಸಿಬ್ಬಂದಿಯ ಸ್ವಂತ ಮನೆ
ಫಲಾನುಭವಿ ಪಟ್ಟಿಗೆ ಸೇರತಕ್ಕದ್ದಲ್ಲ.
ಪಟ್ಟಿ ತೆಗೆದೆ. ನೂರಾ ಹನ್ನೆರಡು:
ಸುಣಗಾರ ಬಾಳವ್ವ. ತಗಡು. ಒಂದೇ ಖೋಲಿ.
ಸೊಸೆಯ ಕುಣಿಮಗ್ಗ, ಒಂದು ಹಸುಗೂಸು.
ಷರಾ: ಮಧ್ಯಾಹ್ನದ ಕಾವಿಗೆ ಖಣದ ಎಳೆ ಹರಿಯುತ್ತದೆ.

ಹೇಳಿದೆ. ಅವಳು ಸಿಟ್ಟಾಗಲಿಲ್ಲ.
ನೆಲಕ್ಕೆ ಕೂತು ಬೆರಳು ಮಡಚಿದಳು.
‘ನೌಕರಿ ತೊಂಬತ್ತ ದಿನ. ಬಣ್ಣ?’
ಮೂರು ವರ್ಷ ಅಂತ ಕಂಪನಿ ಹೇಳುತ್ತದೆ.
‘ಯಾರ ಹಚ್ಚಿದ್ರ ಮೂರ ವರ್ಷ? ನಾನೋ, ಅಂವನೋ?’
ಏಣಿಯ ಬುಡದಲ್ಲಿ ಪ್ರಜ್ವಲ ಬೂಟಿನ ದಾರ ಕಟ್ಟುತ್ತಿದ್ದ.
ಅವಳು ನಕ್ಕ ರಭಸಕ್ಕೆ
ಹಾಜರಿ ಪುಸ್ತಕದ ಮಣ್ಣು ಸ್ವಲ್ಪ ಕದಲಿತು.

ಮರುದಿನ ಸ್ವಂತ ಕುಂಚ ಹಿಡಿದು ಬಂದಳು.
ನೂರಾ ಹನ್ನೆರಡರ ಮೇಲೆ ಕೆಂಪು ಗೆರೆ ನಾನೇ ಎಳೆದೆ.

ಈಗ ನಲವತ್ತನೇ ದಿನ. ತುಂಬಿದ್ದು ನಾಲ್ಕು, ಖಾಲಿ ಎರಡು.
ಲಾಡಸಾಬ ದಿನಾ ಬರುತ್ತಾನೆ, ಹುದ್ದೆಯಿಲ್ಲದೆ,
ನೆರಳಲ್ಲಿ ಕೂತು ಮೇಲಿದ್ದವರನ್ನು ಬೈಯುತ್ತಾನೆ.
ಸಂಜೆ ಬಕೆಟ್ಟಿನ ತಳದಲ್ಲಿ ಉಳಿದದ್ದಕ್ಕೆ
ಲೆಕ್ಕದಲ್ಲಿ ಕಲಮಿಲ್ಲ;
ಪ್ರಜ್ವಲ ಅದನ್ನು ‘ತೊಳೆದ ನೀರು’ ಎಂದು ಬರೆಯುತ್ತಾನೆ.
ಬಾಳವ್ವ ಆ ನೀರು ಮನೆಗೆ ಒಯ್ಯುತ್ತಾಳೆ.

ನಿನ್ನೆ ಮೊದಲ ಸಲ ನಾನೂ ಕಚೇರಿಯ ಮೇಲೆ ಹತ್ತಿದೆ.
ಗುಡ್ಡದ ಬುಡದಲ್ಲಿ ಒಂದು ತಗಡು ಅರ್ಧ ಬೆಳ್ಳಗಿದೆ.
ಮಗ್ಗ ಆ ಅರ್ಧದ ಕೆಳಗೆ ಬರುತ್ತದೋ ಇಲ್ಲವೋ,
ಅದು ನನಗೆ ಗೊತ್ತಿಲ್ಲ.